ನಾಫಿಸಾಳ ಮಾತಿಗೂ ನಿಮ್ಮ ಹೊಸ ಕಚೇರಿಗೂ ಸಂಬಂಧವಿದೆ

ಮಾನ್ಯ ಜಿಲ್ಲಾ ಶಿಶುಶಿಕ್ಷಣಾಧಿಕಾರಿಗಳೇ,

ಐದು ವರ್ಷದ ನನ್ನ ಮೊಮ್ಮಗಳು ನಾಫಿಸಾಳನ್ನು ನಿಮ್ಮ ಶಿಶುವಿಹಾರದಿಂದ ಹೊರಗೆ ಹಾಕಿದ್ದೀರಿ. ಅವಳ ತಪ್ಪು, ಮಾತು ಸರಾಗವಾಗಿ ಬಾರದಿರುವುದು. ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ಗದ್ದೆಯಿಂದ ಬಾತುಗಳನ್ನು ಹೊಡೆದುಕೊಂಡು ಬಾ ಎಂದರೆ ಒಂದನ್ನೂ ಬಿಡದೆ ತರುತ್ತಾಳೆ. ತಾನು ಹೇಳಹೊರಟಾಗ ಮಾತ್ರ ಪದಗಳು ಅರ್ಧಕ್ಕೇ ನಿಲ್ಲುತ್ತವೆ.

"ಅಜ್ಜಿ, ಮಾತು ಬಂದ್ಮೇಲೆ ಕರ್ಕೊಂಡು ಬನ್ನಿ," ಎಂದರು ನಿಮ್ಮ ಶಿಕ್ಷಕಿ.

"ಕಾಯಿಲೆ ವಾಸಿಯಾದ್ಮೇಲೆ ಆಸ್ಪತ್ರೆಗೆ ಬಾ ಅಂತಾರೇನಮ್ಮ?" ಎಂದೆ. ಪಾಪ, ಇಂಥ ಮಕ್ಕಳಿಗೆ ಕಲಿಸುವುದನ್ನು ಆಕೆಗೆ ಯಾರು ಕಲಿಸಿದ್ದಾರೆ? ಅದಕ್ಕೇ ಮಗುವಿನ ಕೈಹಿಡಿದು ನಿಮ್ಮಲ್ಲಿಗೆ ಬಂದೆ. ತಾವು ಕುರ್ಚಿಯಲ್ಲಿ ಒರಗಿ ಹೇಳಿದಿರಿ: "ನಿಮ್ಮನೆ ಹೆಂಗಸ್ರೇ ಎಲ್ಲಾ ಮಾತೂ ಆಡಿ ಮುಗಿಸಿರ್ತೀರಿ ಅಜ್ಜಿ, ಮಗೂಗೆ ಏನು ಉಳೀಬೇಕು?" ಕಚೇರಿಯೆಲ್ಲ ನಕ್ಕಿತು. ಎಂಥ ವಿದ್ವತ್ತು! ಅಂದಿನಿಂದ ನಾಫಿಸಾ ಮನೆಯಲ್ಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಬರುತ್ತಿದ್ದ ನಾಲ್ಕು ಮಾತೂ ನಿಂತಿವೆ.

ಕಳೆದ ವಾರ ತಮ್ಮ ಕಡೆಯವರು ಎಲೆಯಡಿಕೆ ತಟ್ಟೆ ಹಿಡಿದು ನಮ್ಮ ಮನೆಗೆ ಬಂದರು. ತಮ್ಮ ಹೊಸ ಕಚೇರಿಗೆ ನಮ್ಮ ಕುಲದ ಹೊಲ ಬೇಕಂತೆ. ತಟ್ಟೆಯನ್ನು ಕುಲದ ಮುಖ್ಯಸ್ಥನಾದ ನನ್ನ ತಮ್ಮ ಸಫ್ರಿಲನ ಮುಂದಿಟ್ಟರು. ನಮ್ಮ ಮಿನಾಂಗ್ ಜನರಲ್ಲಿ ಹೊಲ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಗಂಡಸರು ಅದರ ಪರವಾಗಿ ಮಾತಾಡುತ್ತಾರೆ ಅಷ್ಟೆ. ತಾವೂ ಇಲ್ಲಿಯವರೇ. ತಮ್ಮ ತಾಯಿ ಇದನ್ನು ಹೇಳಿಕೊಟ್ಟಿರಲಿಲ್ಲವೇ?

ಸಫ್ರಿಲ್ ಒಳಗೆ ಬಂದು ಪಿಸುಗುಟ್ಟಿದ: "ಅಕ್ಕಾ, ಸರ್ಕಾರದೋರು. ಬರಿಗೈಲಿ ಕಳ್ಸೋದು ಚೆನ್ನಾಗಿರಲ್ಲ."

"ಬರಿಗೈ ಯಾಕಪ್ಪ? ಅವರ ತಟ್ಟೆ ಅವರಿಗೇ ಕೊಟ್ಟು ಕಳ್ಸು."

ಒಂದೆಲೆಯನ್ನೂ ಮುಟ್ಟದ ತಟ್ಟೆ ಹಿಂದಕ್ಕೆ ಬಂದರೆ, ಕಳಿಸಿದವರಿಗೆ ಆ ಮನೆಯಲ್ಲಿ ಮರ್ಯಾದೆಯಿಲ್ಲವೆಂದು ಅರ್ಥ; ಅದು ಊರಿಗೆಲ್ಲ ಗೊತ್ತು. ತಾವು ತಲೆಯೆತ್ತಿ ಸಂತೆಗೆ ಹೋಗುವುದು ಈಗ ಕಷ್ಟವಾಗಿದೆಯಂತೆ. ಕೇಳಿ ನನಗೆ ತುಂಬಾ ಸಂತೋಷವಾಯಿತು. ಅದನ್ನು ಮುಚ್ಚಿಡುವವಳಲ್ಲ ನಾನು.

ಈಗ ನನ್ನ ಬೇಡಿಕೆ. ನಾಫಿಸಾಳನ್ನು ತರಗತಿಗೆ ಮರಳಿ ಸೇರಿಸಿ. ಮಾತಿನ ತೊಂದರೆಯಿರುವ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಒಬ್ಬರನ್ನು ಅಲ್ಲಿಗೆ ನೇಮಿಸಿ; ಅವಳಂಥವರು ಈ ಕಣಿವೆಯಲ್ಲಿ ಇನ್ನೂ ಇದ್ದಾರೆ. ಆಮೇಲೆ ತಾವೇ ಬಂದು, ನಮ್ಮ ಚಾಪೆಯ ಮೇಲೆ ಅವಳೆದುರು ಕುಳಿತು ಕ್ಷಮೆ ಕೇಳಿ. ಅವಳು ಏನಾದರೂ ಹೇಳಹೊರಟರೆ, ಎಷ್ಟೇ ಹೊತ್ತಾಗಲಿ, ಮುಗಿಯುವವರೆಗೆ ಸುಮ್ಮನಿರಿ. ಅವಳ ಪದವನ್ನು ತಾವು ಪೂರ್ತಿಮಾಡಬೇಡಿ. ನಗಲೂಬೇಡಿ.

ಇಷ್ಟೆಲ್ಲ ಮಾಡಿದರೆ ಹೊಲ ಸಿಗುತ್ತದೆಯೇ ಎಂದು ಕೇಳಬೇಡಿ. ಹಾಗೆಂದು ನಾನೆಲ್ಲೂ ಬರೆದಿಲ್ಲ.

ಇಂತಿ,
ಈ ವಯಸ್ಸಿನಲ್ಲೂ ಜಗಳಕ್ಕೆ ನಿಲ್ಲಬೇಕಾಗಿ ಬಂದ
ಅಸ್ನಿಮಾರ್