ಸ್ವಲ್ಪ ನಷ್ಟ

ಪ್ರೀತಿಯ ಝಿನೋವಿ,

ಯುದ್ಧ ಮುಗಿದು ಇಪ್ಪತ್ತು ವರ್ಷವಾಯಿತೆಂದು ಇವತ್ತು ನಮ್ಮ ಡಿವಿಷನ್ನಿನಲ್ಲಿ ಉಳಿದವರೆಲ್ಲ ಶಾಲೆಯ ಸಭಾಂಗಣದಲ್ಲಿ ಸೇರಿದ್ದೆವು. ನಿನ್ನ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಕರ್ನಲ್ ಲುಕ್ಯಾನೊವ್ ತಾವು ಬರೆಯುತ್ತಿರುವ ಡಿವಿಷನ್ನಿನ ಚರಿತ್ರೆಯನ್ನು ಓದಿದರು. "ದ್ನೀಪರ್ ನದಿ ದಾಟುವಾಗ ನಮಗಾದ ನಷ್ಟ ಸ್ವಲ್ಪವೇ" ಎಂದಾಗ ಅಮ್ಮ ಎದ್ದು ನಿಂತರು.

"ಏನಪ್ಪಾ, ಆ ಸ್ವಲ್ಪದಲ್ಲಿ ನನ್ನ ಮಗನೂ ಸೇರಿದ್ದಾನಾ?"

ಕರ್ನಲ್ ಕನ್ನಡಕ ತೆಗೆದರು. "ಸೇರಿದ್ದಾನಮ್ಮ."

"ಹಂಗಾದ್ರೆ ಸ್ವಲ್ಪ ಅನ್ಬೇಡ. ಬೇರೆ ಮಾತು ಹುಡುಕು."

ಕರ್ನಲ್ ಹಾಳೆಗಳನ್ನು ಮಡಚಿಟ್ಟರು.

ಟ್ರಾಮಿನಲ್ಲಿ ಮರಳುವಾಗ ಅಮ್ಮ ನನ್ನ ಕೈ ಹಿಡಿದು ಎಂದಿನಂತೆ ಕೇಳಿದರು: "ಗ್ಲಾಫಿರಾ, ನರ್ಸಾಗಿ ನೀನು ಅವನ ಪಕ್ಕದಲ್ಲೇ ಇದ್ದೆ. ಅವನು ನೋವು ತಿನ್ನಲಿಲ್ಲ ತಾನೇ?"

"ಇಲ್ಲಮ್ಮ. ಗುಂಡು ತಾಗಿದ ಕೂಡ್ಲೇ ಹೋಗ್ಬಿಟ್ಟ."

ಅವರು ಕಿಟಕಿಯಾಚೆ ನೋಡುತ್ತಲೇ ಅಂದರು: "ನೀನು ಹೇಳೋದನ್ನ ನಾನು ಯಾವತ್ತೂ ನಂಬಿಲ್ಲ, ಮಗಳೇ. ಆದ್ರೂ ಕೇಳಿದಾಗೆಲ್ಲ ಹೀಗೇ ಹೇಳ್ತಿರು."

ಅವರಿಗೆ ಹೀಗೇ ಹೇಳುತ್ತಿರುತ್ತೇನೆ, ಝಿನೋವಿ. ಆದರೆ ಆ ರಾತ್ರಿ ಬೆಳಗಾಗುವವರೆಗೂ ನೀನು ನೀರು ಕೇಳುತ್ತಿದ್ದೆ. ಹೊಟ್ಟೆಗೆ ಗುಂಡು ಬಿದ್ದವರಿಗೆ ನೀರು ಕೊಡಬಾರದೆಂದು ನಮಗೆ ಕಲಿಸಿದ್ದರು. ನದಿ ಪಕ್ಕದಲ್ಲೇ ಹರಿಯುತ್ತಿತ್ತು.

ನಿನ್ನ ಗ್ಲಾಫಿರಾ