ಶಾರ್ಕಿಗೆ ಕೊಟ್ಟ ಹಾಲುಹಲ್ಲು

ಅಂಕಲಗಿ
೧೨ ಫೆಬ್ರುವರಿ ೨೦೨೫

ಮಗಳೇ ಸರಿತಾ,

ಈ ಕಥೆಯನ್ನು ಮೊದಲು ಹೇಳಿದವಳು ನೀನು, ಹೋದ ದೀಪಾವಳಿಯ ಪಾಡ್ಯದ ದಿನ, ನಮ್ಮ ಕಟ್ಟೆಯ ಮೇಲೆ ಕೂತು. ಕಾರವಾರದಲ್ಲಿ ಕಡಲ ಮೀನುಗಳ ಬಗ್ಗೆ ಓದುವ ಮಗಳು ಹೇಳಿದ ಕಥೆಯನ್ನು ಇವತ್ತು ಸಂಜೆ ಓಣಿಯ ಹುಡುಗರಿಗೆ ನಾನು ಹೇಳಿದೆ.

ಮನೆಯಲ್ಲಿ ಎಲ್ಲರೂ ಆರಾಮ ಇದ್ದೇವೆ, ನನ್ನ ದವಡೆಯೊಂದನ್ನು ಬಿಟ್ಟು. ಉತ್ತರ ತಡವಾಯಿತು, ಸಿಟ್ಟಾಗಬೇಡ. ಗಡ್ಡೆಯ ಜೊತೆ ಎಡದವಡೆಯ ಎಲುಬನ್ನೂ ತೆಗೆಯಬೇಕು, ಸೋಮವಾರ ಬಂದು ಸೇರಿಕೊಳ್ಳಿ ಎಂದು ಬೆಳಗಾವಿಯ ಡಾಕ್ಟರರು ಹೇಳಿದ್ದು ನಿನಗೆ ಗೊತ್ತೇ ಇದೆ. ನಾನಿನ್ನೂ ಹೂಂ ಅಂದಿಲ್ಲ. "ತಂಬಾಕ ಹಾಕ್ಕೊಳ್ಳೂವಾಗ ದವಡಿ ಮ್ಯಾಲ ಇಷ್ಟು ಪ್ರೀತಿ ಇರಲಿಲ್ಲಲ್ಲ!" ಎಂದು ನಿನ್ನ ಅವ್ವ ದಿನಾ ಚುಚ್ಚುತ್ತಾಳೆ.

ಸಂಜೆ ಬಾಜೂ ಮನೆಯ ಶೀತಲ್ ಬಂದಳು. ಮುಂದಿನ ಹಾಲುಹಲ್ಲು ಬಿದ್ದಿತ್ತು, ಅದನ್ನಿಟ್ಟ ಸೆಗಣಿಯುಂಡೆ ಅಂಗೈಯಲ್ಲಿತ್ತು. ಹಿಂದೆ ಮೈನೋದ್ದೀನ, ಅವನ ಹಿಂದೆ ಉಳಿದ ಹುಡುಗರು.

"ಮುತ್ಯಾ, ಮಾಳಿಗಿ ಮ್ಯಾಲ ಒಗದ್ರ ಹೊಸಾ ಹಲ್ಲು ಬರ್ತೈತಂತ. ಖರೆ ಏನ್ರಿ?"

"ನಿನಗ ಒಂದ ಸಲ ಬರ್ತೈತಿ. ಸಮುದ್ರದಾಗ ಶಾರ್ಕ ಅಂತ ಒಬ್ಬಾಂವ ಅದಾನ, ಅವಗ ಸಾಯೂತನಕಾ ಬರ್ತಾವು."

ಅವನ ಬಾಯಲ್ಲಿ ಹಲ್ಲುಗಳು ಹುಕ್ಕೇರಿ ಸಂತೆಯ ಬಸ್ಸಿಗೆ ನಿಂತವರ ಹಾಗೆ ಸಾಲುಸಾಲಾಗಿ ಇರುತ್ತವೆ, ಮುಂದಿನದು ಬಿದ್ದರೆ ಹಿಂದಿನದು ಮುಂದೆ ಬರುತ್ತದೆ ಎಂದೆ. ಮೈಯಲ್ಲಿ ಗಟ್ಟಿ ಎಲುಬು ಒಂದೂ ಇಲ್ಲ, ಎಲ್ಲಾ ಮೆತ್ತನೆಯದು, ಬೇಕಾದರೆ ನಿಮ್ಮ ಕಿವಿ ಮಡಚಿ ನೋಡಿರಿ ಎಂದೆ. ಎಲ್ಲರೂ ತಮ್ಮ ಕಿವಿ ಹಿಡಿದರು, ಮೈನೋದ್ದೀನ ಶೀತಲಳದ್ದು ಹಿಡಿದ. ಅವಳು ಅವನ ಬೆನ್ನಿಗೆ ಒಂದು ಬಿಟ್ಟಳು.

ಶಾರ್ಕಿಗೆ ತೊರಕೆ ಎಂಬ ಚಪ್ಪಟೆ ದಾಯಾದಿ ಇದ್ದಾನಲ್ಲ, ಅವನ ಸುದ್ದಿಯನ್ನೂ ಹೇಳಿದೆ. ತೊರಕೆ ಉಸುಕಿನಲ್ಲಿ ಅವಿತು ಕೂತರೂ ಶಾರ್ಕು ಮೂತಿಯ ಸಣ್ಣ ತೂತುಗಳಿಂದಲೇ ಅದರ ಎದೆ ಬಡಿಯುವುದನ್ನು ತಿಳಿಯುತ್ತದೆ ಎಂದಾಗ ಮೈನೋದ್ದೀನ ತಟ್ಟನೆ ಎರಡೂ ಕೈಯಿಂದ ಎದೆ ಮುಚ್ಚಿಕೊಂಡ.

"ಭೂಮಿ ಮ್ಯಾಲ ಗಿಡಾ ಹುಟ್ಟೂಕಿಂತ ಮೊದಲ ಇವರ ವಂಶ ಹುಟ್ಟಿತ್ತು."

"ಗಿಡಾನ ಇರಲಿಲ್ಲಂದ್ರ ಮಂದಿ ನೆರಳಿಗೆ ಎಲ್ಲಿ ಕೂಡ್ತಿದ್ರು?" ಎಂದ ಮೈನೋದ್ದೀನ.

"ಕೂಡಾಕ ಮಂದೀನ ಇರಲಿಲ್ಲೋ!"

ಅದಕ್ಕೂ ಹಿಂದೆ ಮೀನುಗಳಿಗೆ ದವಡೆ ಇರಲಿಲ್ಲ. ಬಾಯಿ ಅಂದರೆ ಒಂದು ತೂತು, ಕೆಸರು ಹೀರುವುದೇ ಊಟ. ಉಸಿರಾಡುವ ಕಿವಿರಿನ ಕಮಾನು ಲಕ್ಷಾಂತರ ತಲೆಮಾರು ಬಾಗುತ್ತ ಬಾಗುತ್ತ ದವಡೆಯಾಯಿತು ಎನ್ನುತ್ತಾರೆ ತಿಳಿದವರು. ಅದು ಶಾರ್ಕಿಗೂ ಬಂತು, ನಮಗೂ ಬಂತು.

"ಅಂದ್ರ ನಿಮ್ಮ ದವಡಿ ಮೀನಿಂದೇನ್ರಿ ಮುತ್ಯಾ?"

ಎಲ್ಲರೂ ನನ್ನ ಬಾತ ಕೆನ್ನೆ ನೋಡಿದರು. ನನ್ನ ಕೈಯೂ ಅಲ್ಲಿಗೇ ಹೋಯಿತು. ಗಿಡಕ್ಕಿಂತ ಹಳೆಯ ವಸ್ತು ಇದು. ಇದರಿಂದ ಕಟಕ್ ರೊಟ್ಟಿ ತಿಂದೆ, ನಿನ್ನನ್ನು ಮಲಗಿಸುವ ಕಥೆ ಹೇಳಿದೆ. ಇಷ್ಟು ದೂರದಿಂದ ನನ್ನ ಬಾಯಿಗೆ ಬಂದಿತ್ತೆಂದು ಒಮ್ಮೆಯೂ ಗೊತ್ತಿರಲಿಲ್ಲ.

"ಇದು ಹೋದ್ರ ಹೊಸಾದು ಬರ್ತೈತೇನ್ರಿ?" ಎಂದಳು ಶೀತಲ್.

"ಇಲ್ಲವ್ವಾ, ದವಡಿ ಬರೂದಿಲ್ಲ."

ಅವಳು ಉಂಡೆಯನ್ನು ಮಾಳಿಗೆಗೆ ಎಸೆಯಲಿಲ್ಲ. ಮುಷ್ಟಿ ಮುಚ್ಚಿಕೊಂಡು ಮನೆಗೆ ಹೋದಳು.

ದೋಣಿ ಹತ್ತುವಾಗ ಹುಷಾರು, ಮಗಳೇ. ನಿನ್ನ ಕೈಗೆ ಸಿಕ್ಕ ಒಂದೊಂದು ಮೀನೂ ನಿನಗೆ ಒಂದೊಂದು ಕಥೆ ಕೊಡಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ
ಮಾಯಪ್ಪ

ತಾ.ಕ. ಇದು ಮರುದಿನ ಬರೆದದ್ದು. ನಾನು ನಿನ್ನ ಫೋನ್ ಎತ್ತದಿರುವುದು ಸಿಟ್ಟಿನಿಂದಲ್ಲ. ನಿನ್ನೆ ನನ್ನ ಒಂದೊಂದು ಮಾತಿಗೂ ಹುಡುಗರು "ಏನಂದ್ರಿ?" ಎನ್ನುತ್ತಿದ್ದರು, ಅದನ್ನು ಮೇಲೆ ಬರೆಯಲಿಲ್ಲ. ಬಾಯಿ ಪೂರಾ ತೆರೆಯುವುದಿಲ್ಲ, ಮಾತು ಕಲಸಿ ಹೋಗುತ್ತದೆ. ಕೊಯ್ದ ಮೇಲೆ ಎಷ್ಟು ಉಳಿಯುತ್ತದೋ ಡಾಕ್ಟರರಿಗೂ ಗೊತ್ತಿಲ್ಲ. ನಿನ್ನ ಕಿವಿಯಲ್ಲಾದರೂ ನನ್ನ ಹಳೆಯ ದನಿ ಹಾಗೇ ಇರಲಿ ಎಂದುಕೊಂಡೆ.

ಬೆಳಿಗ್ಗೆ ಹೊಳೆಗೆ ಹೋದಾಗ ಹುಡುಗರೆಲ್ಲ ಅಲ್ಲಿದ್ದರು, ಶೀತಲಳ ಕೈಯಲ್ಲಿ ಅದೇ ಉಂಡೆ. "ಈ ಹೊಳಿ ಕಾರವಾರದ ಸಮುದ್ರಕ್ಕ ಹೋಗಾಂಗಿಲ್ಲಲೇ, ಮೂಡಲಕ್ಕ ಹೋಗ್ತೈತಿ" ಎಂದ ಒಬ್ಬ. "ಆ ಕಡೆ ಸಮುದ್ರದಾಗೂ ಶಾರ್ಕ ಇರ್ತಾವ, ಸುಮ್ನಿರು" ಎಂದು ಶೀತಲ್ ಉಂಡೆಯನ್ನು ನೀರಿಗೆ ಎಸೆದಳು. "ಶಾರ್ಕಪ್ಪಾ, ನನ್ನ ಹಲ್ಲು ತಗೋ, ನಮ್ಮ ಮುತ್ಯಾಗ ದವಡಿ ಕೊಡು!"

ಸೋಮವಾರ ನಾನು ಬೆಳಗಾವಿಗೆ ಹೋಗುತ್ತೇನೆ. ಈ ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡು, ಎತ್ತುತ್ತೇನೆ.

ಹೊಳೆಯ ದಂಡೆಯಲ್ಲಿ ನಾನು ಹಿಂದೆ ನಿಂತದ್ದನ್ನು ಹುಡುಗರು ನೋಡಲಿಲ್ಲ. ಮೈನೋದ್ದೀನ ಎಲ್ಲರಿಗೂ ಹೇಳುತ್ತಿದ್ದ: "ಇವತ್ತ ಯಾರೂ ಎದಿ ಮುಚ್ಚಬ್ಯಾಡ್ರಿ. ನಾವು ಎಲ್ಲಿ ಅದೀವಿ ಅಂತ ಶಾರ್ಕಪ್ಪಗ ತಿಳೀಬೇಕು." ಎಲ್ಲರೂ ಕೈ ಇಳಿಬಿಟ್ಟು, ಎದೆ ಮುಂದೆ ಮಾಡಿ, ನೀರಿನ ಕಡೆ ತಿರುಗಿ ನಿಂತರು.