ಗಂಡಸರ ಬೆಂಚನ್ನು ಬಾಗಿಲೆದುರು ಹಾಕಿಸಿದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಇಂದು ಬೆಳಿಗ್ಗೆ ನನ್ನ ಅಪ್ಪ ಅಡುಗೆಮನೆಯ ನೆಲದ ಮೇಲೆ ಕೂತು, ಮೊಳೆ ಸುತ್ತಿಗೆ ಹಿಡಿದು ತಮ್ಮ ಬೆಲ್ಟಿಗೆ ಇನ್ನೊಂದು ತೂತು ಹೊಡೆಯುತ್ತಿದ್ದರು. ಸಣ್ಣಗಾಗಲು ಅವರೇನೂ ಮಾಡಿಲ್ಲ. ಕೊಡಗಟ್ಟಲೆ ನೀರು ಕುಡಿಯುತ್ತಾರೆ, ಸುಸ್ತು ಎನ್ನುತ್ತಾರೆ, ರಕ್ತಪರೀಕ್ಷೆ ಎಂದರೆ ಎದ್ದು ಹೋಗುತ್ತಾರೆ. ನಿಮ್ಮ ಆಸ್ಪತ್ರೆಯ ಮೆಟ್ಟಿಲನ್ನು ಇನ್ನು ಹತ್ತುವುದಿಲ್ಲವಂತೆ. ಅವರನ್ನು ಅಲ್ಲಿಂದ ಓಡಿಸಿದವರು ನೀವು.

ನಾನು ಯಾರೆಂದು ನಿಮಗೆ ನೆನಪಿರಲಾರದು. ಸಾಹಿತ್ಯ ಓದಿ, ನಿಮ್ಮ ಕಚೇರಿಯ ಮೂಲೆಯಲ್ಲಿ ಕರಪತ್ರ ಬರೆಯುವವಳು. ಸಭೆಗಳಲ್ಲಿ ಬಾಯಿ ಬಿಡದವಳು. ವಯಸ್ಸಾಗುತ್ತಿರುವ ಗಂಡಸರ ಲೈಂಗಿಕ ಆರೋಗ್ಯದ ಬಗ್ಗೆ ಬರೆಯಲು ಹೇಳಿದಾಗ ನನ್ನ ಕಿವಿ ಕೆಂಪಾಗಿತ್ತು. ಆದರೂ ವೈದ್ಯರನ್ನು ಕೇಳಿ ಕೇಳಿ ಬರೆದೆ. ಸಿಗರೇಟು, ನಿದ್ದೆಗೆಟ್ಟ ಪಾಳಿ, ಕೂತೇ ಮಾಡುವ ಕೆಲಸ, ರಕ್ತದಲ್ಲಿ ಏರಿದ ಸಕ್ಕರೆ ಎಲ್ಲ ಸೇರಿ ರಕ್ತನಾಳಗಳನ್ನು ದಣಿಸುತ್ತವೆ; ಹಾಸಿಗೆಯಲ್ಲಿ ಕಂಡ ಸೋಲು ಕೆಲವೊಮ್ಮೆ ದೊಡ್ಡ ಕಾಯಿಲೆಯ ಮುನ್ಸೂಚನೆ; ಅದರಲ್ಲಿ ಗಂಡಸುತನದ ಪ್ರಶ್ನೆಯೇ ಇಲ್ಲ ಎಂದೆ. ಕೊನೆಯ ಸಾಲು ಹೀಗಿತ್ತು: “ಬನ್ನಿ, ನಿಮ್ಮ ಗುಟ್ಟು ನಮ್ಮಲ್ಲೇ ಉಳಿಯುತ್ತದೆ.” ಭೇಷ್ ಎಂದು, ಅದನ್ನೇ ಆಸ್ಪತ್ರೆಯ ಗೋಡೆಯ ಮೇಲೂ ದೊಡ್ಡಕ್ಷರದಲ್ಲಿ ಹಾಕಿಸಿದಿರಿ.

ಅಪ್ಪ ಗೋದಾಮಿನಲ್ಲಿ ಕ್ರೇನ್ ಓಡಿಸುತ್ತಾರೆ. ಪಾಳಿಯಿಡೀ ಎತ್ತರದ ಗೂಡಿನಲ್ಲಿ ಕೂತಿರುತ್ತಾರೆ. ಕೆಲವು ತಿಂಗಳಿಂದ ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದಾರೆ. “ಒಳಗೆ ಸೆಕೆ ಕಣೇ” ಎನ್ನುತ್ತಿದ್ದಳು ಅಮ್ಮ, ರಗ್ಗು ಹೊದ್ದುಕೊಂಡೇ. ನನ್ನ ಕರಪತ್ರವನ್ನು ಅಪ್ಪ ಎರಡು ಸಲ ಓದಿದರು.

“ಇದು ನೀನೇ ಬರೆದಿದ್ದಾ?”

ನೆಲ ನೋಡುತ್ತ ಹೂಂ ಎಂದೆ.

“ಹಾಗಾದ್ರೆ ಸುಳ್ಳಿರಲ್ಲ ಬಿಡು.”

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು.

ರೋಗಕ್ಕೊಂದು ಬೆಂಚು, ಬೆಂಚಿನ ಮೇಲೊಂದು ಫಲಕ. ಇದು ನಿಮ್ಮ ಆಸ್ಪತ್ರೆಯ ಶಿಸ್ತು. ಕಣ್ಣಿಗೆ, ಮೂಳೆಗೆ ಸರಿಯೇ. ಗಂಡಸರ ಬೆಂಚನ್ನೂ ಹಾಗೆಯೇ ಮಾಡಿಸಿ, ಉದ್ಘಾಟನೆಯ ಫೋಟೊಗೆ ಬೆಳಕು ಚೆನ್ನಾಗಿ ಬೀಳಲೆಂದು ಮುಖ್ಯ ಬಾಗಿಲೆದುರೇ ಹಾಕಿಸಿದಿರಿ. ಮೇಲೆ ಕೆಂಪಕ್ಷರದಲ್ಲಿ ‘ಲೈಂಗಿಕ ದೌರ್ಬಲ್ಯ’. ಗುಟ್ಟು ಉಳಿಸಲು ಎಂಥ ಜಾಗ! ನಾಲ್ಕು ರಸ್ತೆ ಕೂಡುವಲ್ಲಿ ಹಾಕಿಸಿದ್ದರೆ ಕೂತವರಿಗೆ ಗಾಳಿಯಾದರೂ ಬರುತ್ತಿತ್ತಲ್ಲವೇ?

ಅಪ್ಪ ಆ ಬೆಂಚಿನ ತುದಿಯಲ್ಲಿ ಕೂತಿದ್ದಾಗ ಗೋದಾಮಿನ ಹಮಾಲಿಯೊಬ್ಬ ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ಫಲಕ ಓದಿದ. ಅಪ್ಪನನ್ನು ನೋಡಿದ.

“ಏನಣ್ಣೋ, ಕ್ರೇನ್ ಕೆಟ್ಟೋಯ್ತಾ?”

ಔಷಧಿ ಕಿಟಕಿಯೊಳಗಿದ್ದವರೂ ನಕ್ಕರಂತೆ. ಅಪ್ಪ ವೈದ್ಯರನ್ನು ನೋಡದೆ ಎದ್ದು ಬಂದರು. ಈಗ ಅವರು ಗೂಡು ಹತ್ತುವಾಗಲೆಲ್ಲ ಕೆಳಗಿನಿಂದ ಯಾರಾದರೂ ಕೂಗುತ್ತಾರೆ: “ಎತ್ತಣ್ಣ, ಕೈಲಾದ್ರೆ ಎತ್ತು!”

ಈ ನಡುವೆ ಬಸ್ ನಿಲ್ದಾಣದ ಹಿಂದಿನ ಅಂಗಡಿಯಿಂದ ಅದೇನೋ ಪುಡಿ ತರುತ್ತಾರೆ. ಡಬ್ಬದ ಮೇಲೆ ಕುದುರೆಯ ಚಿತ್ರವಿದೆ, ಒಳಗೇನಿದೆ ಎಂಬುದಿಲ್ಲ. ಯಾಕಪ್ಪ ಅಲ್ಲಿಗೆ ಎಂದರೆ, “ಅವನು ಪರದೆ ಎಳೆದು ಕೂರಿಸ್ತಾನಮ್ಮ” ಎಂದರು. ಒಬ್ಬ ಮೋಸಗಾರನಿಗೆ ಹೊಳೆದ ಪರದೆ ನಿಮ್ಮ ಇಡೀ ಇಲಾಖೆಗೆ ಹೊಳೆಯಲಿಲ್ಲವೇಕೆ? ಅಮ್ಮನದು ಬೇರೆಯೇ ಗೋಳು. “ನಂಗೇನೂ ಬೇಡ ಕಣೇ. ಆ ಮನುಷ್ಯ ಪಕ್ಕದಲ್ಲಿ ಬಿದ್ಕೊಂಡು ಗೊರಕೆ ಹೊಡೆದ್ರೆ ಸಾಕು.”

ಧೈರ್ಯ ಮಾಡಿ ನಿಮ್ಮಲ್ಲಿಗೇ ಬಂದಿದ್ದೆ. “ಜನ ನಾಚಿಕೆ ಬಿಡ್ಬೇಕಮ್ಮ” ಎಂದಿರಿ, ನಿಮ್ಮ ಕೋಣೆಯ ಬಾಗಿಲು ಹಾಕಿಸಿಕೊಂಡು.

ಆ ಫಲಕ ಇಳಿಸಿ. ಬಾಗಿಲು ಮುಚ್ಚುವ ಒಂದು ಕೋಣೆ ಕೊಡಿ. ಅಲ್ಲಿಯವರೆಗೆ ನನ್ನ ಸಾಲನ್ನು ಗೋಡೆಯಿಂದ ತೆಗೆಸಿ. ಅದನ್ನು ಬರೆದಾಗ ಅದು ಸುಳ್ಳಾಗಿರಲಿಲ್ಲ.

ಅಪ್ಪನನ್ನು ಕೇಳಿಯೇ ಇದನ್ನು ಪತ್ರಿಕೆಗೆ ಬರೆದಿದ್ದೇನೆ. “ಬರಿ. ಎಲ್ರಿಗೂ ಗೊತ್ತಾಗಿದೆ, ಇನ್ನು ಪೇಪರಿನವರಿಗೆ ಗೊತ್ತಾದ್ರೇನು” ಎಂದರು. ನೀವು ಫಲಕ ಇಳಿಸುವವರೆಗೆ ಅವರ ಕಾಯಿಲೆ ಕಾಯುವುದಿಲ್ಲ. ಸೋಮವಾರ ಅವರನ್ನು ಹೇಗಾದರೂ ಒಪ್ಪಿಸಿ ಗೇಟಿನಾಚೆ ನಿಲ್ಲಿಸಿ, ಆ ಬೆಂಚಿನ ಮೇಲೆ ನಾನು ಕೂರುತ್ತೇನೆ. ಸರದಿ ಬಂದಾಗ ಹೋಗಿ ಕರೆತರುತ್ತೇನೆ. ನಗುವವರು ನನ್ನನ್ನು ನೋಡಿ ನಗಲಿ.

ಇಂತಿ,
ನಿಮ್ಮ ಪರವಾಗಿ ಮಾತು ಕೊಟ್ಟು ಸಿಕ್ಕಿಬಿದ್ದ
ಕ್ರೇನ್ ಓಡಿಸುವವರ ಮಗಳು